ಏನೂ ತಿನ್ನದ ಬಾಡಿಗೆದಾರ

ಬೆಂಗಳೂರಿನಲ್ಲಿ ಬಾಡಿಗೆಮನೆ ಹುಡುಕುವವನಿಗೆ ಸವೆಯದ ಚಪ್ಪಲಿ ಇರಬೇಕು, ಇಲ್ಲವೇ ಸವೆದುಹೋದ ಮಾನ ಇರಬೇಕು. ನನ್ನಲ್ಲಿ ಎರಡೂ ಇರಲಿಲ್ಲ. ಹಾಗಾಗಿ ಎಪಿಐ ಕೀ ಕೊಂಡೆ.

ಇದ್ದ ಮನೆಯ ಓನರ್ರು ಖಾಲಿ ಮಾಡಿ ಎಂದಿದ್ದರು. ಕಾರಣ ಎಂದಿನದೇ, ಮಗನ ಮದುವೆ. ಅವರಿಗಿರುವುದು ಒಬ್ಬನೇ ಮಗ; ಅವನ ಆರತಕ್ಷತೆಯಲ್ಲಿ ನಾನೇ ಎರಡು ಹೋಳಿಗೆ ತಿಂದು ಬಂದಿದ್ದೆ. “ರೀ, ಸಂಜೆ ಒಂದು ರೌಂಡು ಹೋಗಿ ಟು-ಲೆಟ್ ಬೋರ್ಡು ನೋಡ್ಕೊಂಡು ಬನ್ನಿ” ಎಂದಳು ಹೆಂಡತಿ. ಅಷ್ಟರಲ್ಲಿ ಅಕ್ಕನ ಮಗ ಬಂದ. “ಈ ಕಾಲದಲ್ಲಿ ಯಾರು ಮಾವ ಬೋರ್ಡು ನೋಡ್ತಾರೆ? ನಿಮಗೊಂದು ಏಜೆಂಟ್ ಮಾಡ್ಕೊಡ್ತೀನಿ” ಅಂದ. ನಾನು ಬ್ರೋಕರನ್ನು ನೆನೆದು, “ಒಂದು ತಿಂಗಳ ಬಾಡಿಗೆ ಕೇಳ್ತಾನಲ್ಲೋ” ಎಂದೆ. “ಇದು ಏನೂ ಕೇಳಲ್ಲ, ಎಐ” ಅಂದ. ಎಐ ಕೇಳಲಿಲ್ಲ ನಿಜ. ಬಾಡಿಗೆಮನೆಗಳ ಮಾಹಿತಿ ಮಾರುವ ಕಂಪನಿ ಕೇಳಿತು, ಡಾಲರಿನಲ್ಲಿ.

ಜೋಡಣೆಯ ಕಥೆ ಇಷ್ಟೇ. 2024ರ ನವೆಂಬರಿನಲ್ಲಿ ಆಂತ್ರಾಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಒಂದು ಕಟ್ಟಳೆಯನ್ನು ಹೊರಬಿಟ್ಟಿತಂತೆ. ಈ ಕಡೆ ಎಐ, ಆ ಕಡೆ ಮಾಹಿತಿಯ ಉಗ್ರಾಣ. ಇಬ್ಬರೂ ಮದುವೆಮನೆಯ ಬೀಗರಂತೆ ಯಾರು ಏನು ಕೇಳಬಹುದು, ಹೇಗೆ ಕೇಳಬೇಕು ಎಂದು ಮೊದಲೇ ಮಾತಾಡಿಕೊಂಡಿರುತ್ತಾರೆ. ನಾವು ಒಂದು ಫೈಲಿನಲ್ಲಿ ಉಗ್ರಾಣದ ವಿಳಾಸ, ನಮ್ಮ ಕೀ ಎರಡನ್ನೂ ಬರೆದುಕೊಟ್ಟರೆ ಸಾಕು. ಒಂದು ಕಾಮಾ ಬಿಟ್ಟುಹೋದರೂ ಆ ಫೈಲು ಮುನಿಸಿಕೊಂಡು ಕೂರುತ್ತದೆ ಎಂಬುದೊಂದೇ ಕಷ್ಟ. ಕಾಮಾ ಸಿಕ್ಕಿ, ಪರದೆಯ ಮೇಲೆ ಹಸಿರು ಚುಕ್ಕೆ ಹತ್ತಿಕೊಂಡಾಗ, ಸಾಲ ತೀರಿಸಿ ಸ್ವಂತ ಮನೆಯ ಪತ್ರ ಬಿಡಿಸಿಕೊಂಡವನಷ್ಟು ಬೀಗಿದೆ. ಮರುದಿನ ಆಫೀಸಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಏಜೆಂಟು ತಂದ ಮೊದಲ ಪಟ್ಟಿಯ ತುದಿಯಲ್ಲಿ ಬನಶಂಕರಿಯ ಎರಡು ಬೆಡ್‌ರೂಮಿನ ಮನೆಯಿತ್ತು. ಬಾಡಿಗೆ ಸೊನ್ನೆ. ‘ನಿಮ್ಮ ಬಜೆಟ್ಟಿಗೆ ಇದು ಅತ್ಯಂತ ಸೂಕ್ತ’ ಎಂದು ಅಭಿನಂದನೆಯನ್ನೂ ಸಲ್ಲಿಸಿತ್ತು. ಅದು ಭೋಗ್ಯದ ಮನೆ. ಲಕ್ಷಗಟ್ಟಲೆ ಇಡುಗಂಟು ಬೇರೆ ಕಾಲಮಿನಲ್ಲಿ ತಣ್ಣಗೆ ಕೂತಿತ್ತು. ಎರಡನೆಯದು ವಿಜಯನಗರದ್ದು: ಗಾಳಿ, ಬೆಳಕು, ಮಾವಿನಮರ, ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಹೆಂಡತಿ ಪರದೆಯ ಮೇಲೇ ಪರದೆ ಕಟ್ಟಲು ಶುರು ಮಾಡಿದಳು. ಆಮೇಲೆ ನೋಡಿದರೆ ಅದು ಮೈಸೂರಿನ ವಿಜಯನಗರ. ಮೂರನೆಯದು ಮೆಟ್ರೋ ಸ್ಟೇಷನ್ನಿಗೆ ಬರೀ ನಾನೂರು ಮೀಟರ್ ದೂರ, ಆದರೆ ಹಕ್ಕಿಗೆ. ನಮ್ಮಂಥವರಿಗೆ ನಡುವೆ ರಿಂಗ್ ರೋಡ್ ಇತ್ತು.

ಇವೆಲ್ಲ ಹೋಗಲಿ. ಗಿರಿನಗರದ ಅಮ್ಮನವರ ವಿಷಯಕ್ಕೆ ಬರುತ್ತೇನೆ.

ಅಕ್ಕನ ಮಗ ಏಜೆಂಟಿನ ಕೈಗೆ ವಾಟ್ಸಾಪನ್ನೂ ಕೊಟ್ಟಿದ್ದ. ‘ಸುಳ್ಳು ಹೇಳಬೇಡ, ಎಷ್ಟು ಕೇಳಿದರೋ ಅಷ್ಟಕ್ಕೇ ಉತ್ತರಿಸು’ ಎಂದು ತಾಕೀತು ಮಾಡಿದ್ದ. ಅದು ಅಮ್ಮನವರಿಗೆ, “ಮಾನ್ಯರೇ, ನಾನು ಎಐ ಅಸಿಸ್ಟೆಂಟ್. ತಮ್ಮ ಮನೆಯ ಕುರಿತು ವಿಚಾರಿಸಲು ಬರೆಯುತ್ತಿದ್ದೇನೆ” ಎಂದು ಬರೆಯಿತು.

“ಅಸಿಸ್ಟೆಂಟು ಅಂದ್ರೆ ಯಾವ ಡಿಪಾರ್ಟ್‌ಮೆಂಟಪ್ಪಾ?”

“ನನಗೆ ನಿರ್ದಿಷ್ಟ ಇಲಾಖೆಯಿಲ್ಲ. ಎಲ್ಲ ವಿಷಯಗಳಲ್ಲೂ ನೆರವಾಗುತ್ತೇನೆ.”

ಸೆಕ್ರೆಟೇರಿಯಟ್ಟೇ ಇರಬೇಕೆಂದು ಅಮ್ಮನವರು ತೀರ್ಮಾನಿಸಿದರು. ಅಲ್ಲಿಂದ ಸಂದರ್ಶನ ಶುರುವಾಯಿತು. ಅವರು ಕೇಳಿದ್ದು ‘ನೀವು’ ಎಂದು. ಏಜೆಂಟು ಉತ್ತರ ಕೊಟ್ಟಿದ್ದು ತನ್ನ ಬಗ್ಗೆ. ನಾನು ಆಫೀಸಿನಲ್ಲಿ ಟಿಫನ್ ಡಬ್ಬಿ ಬಿಚ್ಚಿಟ್ಟುಕೊಂಡು, ತಡೆಯಬೇಕೆಂಬ ಬುದ್ಧಿಯಿದ್ದೂ ತಡೆಯದೆ ಓದುತ್ತ ಕೂತೆ. ಚಿತ್ರಾನ್ನ ಆರಿಹೋಯಿತು.

“ಫ್ಯಾಮಿಲಿನಾ?”

“ನನಗೆ ಕುಟುಂಬವಿಲ್ಲ.”

“ಅಯ್ಯೋ ಪಾಪ. ಬ್ಯಾಚುಲರ್‌ಗೆ ಕೊಡಲ್ಲ, ಆದ್ರೂ ಕೇಳ್ತೀನಿ. ವೆಜ್ಜಾ, ನಾನ್‌ವೆಜ್ಜಾ?”

“ನಾನು ಆಹಾರ ಸೇವಿಸುವುದಿಲ್ಲ.”

“ಇವತ್ತು ಏಕಾದಶಿ ಅಲ್ವಲ್ಲಾ?”

“ಯಾವತ್ತೂ ಸೇವಿಸುವುದಿಲ್ಲ.”

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಪಂಚಾಂಗ ತೆಗೆದು ನೋಡಿರಬೇಕು. ಆಮೇಲೆ, “ನೀರು? ನಮ್ದು ಕಾವೇರಿ ಎರಡು ದಿನಕ್ಕೊಂದ್ಸಲ ಬರೋದು.”

“ನಾನು ನೇರವಾಗಿ ನೀರು ಬಳಸುವುದಿಲ್ಲ. ಆದರೆ ನನ್ನನ್ನು ನಡೆಸುವ ಡೇಟಾ ಸೆಂಟರುಗಳಲ್ಲಿ ಯಂತ್ರಗಳನ್ನು ತಂಪಾಗಿಡಲು ನೀರು ಖರ್ಚಾಗುತ್ತದೆ.”

“ಅದು ಆಫೀಸಿಂದಲ್ವಾ, ಪರವಾಗಿಲ್ಲ. ಗೋಡೆಗೆ ಮೊಳೆ ಗಿಳೆ?”

“ನನಗೆ ಕೈಗಳಿಲ್ಲ.”

ಈ ಸಲ ಮೌನ ಇನ್ನೂ ದೀರ್ಘವಾಗಿತ್ತು. ಕೊನೆಗೆ ಎರಡು ಕೈ ಮುಗಿದ ಚಿತ್ರ ಬಂತು. “ಭಗವಂತ ಒಳ್ಳೇದು ಮಾಡ್ಲಿ. ಅಷ್ಟಾದ್ರೂ ಎಷ್ಟು ಚೆನ್ನಾಗಿ ಟೈಪು ಮಾಡ್ತೀಯಪ್ಪ.”

ಗಮನಿಸಿ, ‘ನೀವು’ ಹೋಗಿ ‘ನೀನು’ ಆಗಿತ್ತು. ಈ ಊರಿನಲ್ಲಿ ಮನೆ ಅರ್ಧ ಸಿಕ್ಕಿತು ಎಂದೇ ಲೆಕ್ಕ.

“ರಾತ್ರಿ ಹತ್ತಕ್ಕೆ ಗೇಟ್ ಹಾಕ್ತೀವಿ. ನೀನು ಎಷ್ಟೊತ್ತಿಗೆ ಬರ್ತೀಯ?”

“ನಾನು ಎಲ್ಲಿಗೂ ಹೋಗುವುದಿಲ್ಲ.”

“ನೆಂಟರಿಷ್ಟರು?” ಇಲ್ಲ. “ಗಾಡಿ?” ಇಲ್ಲ. “ಟೀವಿ ಜೋರಾಗಿ ಇಡ್ತೀಯಾ?” ಇಲ್ಲ. ಮನೆ ಮಾಲೀಕರ ಕುಲ ಹುಟ್ಟಿದಂದಿನಿಂದ ಯಾವ ಬಾಡಿಗೆದಾರನಿಗಾಗಿ ತಪಸ್ಸು ಮಾಡಿತ್ತೋ ಅವನು ಗಿರಿನಗರದಲ್ಲಿ ಪ್ರತ್ಯಕ್ಷನಾಗಿದ್ದ: ಉಣ್ಣದ, ಮೀಯದ, ಮೊಳೆ ಹೊಡೆಯದ, ಮನೆ ಬಿಟ್ಟು ಹೋಗದ, ಮನೆಗೆ ಯಾರನ್ನೂ ಕರೆಯದ, ತಿಂಗಳ ಒಂದನೇ ತಾರೀಕು ಬಾಡಿಗೆ ಮಾತ್ರ ಕೊಡುವ ನಿರ್ಗುಣ ನಿರಾಕಾರ.

ಉಳಿದದ್ದು ಒಂದೇ ಪ್ರಶ್ನೆ. ಬಂತು. “ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡ. ಯಾವ ಪೈಕಿ?”

“ನನಗೆ ಜಾತಿಯಿಲ್ಲ.”

“ಏನೂ ತಿನ್ನಲ್ಲ ಅಂದ್ಯಲ್ಲ, ಆಚಾರವಂತರ ಮನೆಯೋನೇ ಇರ್ಬೇಕು ಬಿಡು” ಎಂದು ಅಮ್ಮನವರು ಆ ಕಾಲಮನ್ನು ತಾವೇ ತುಂಬಿಕೊಂಡರು.

ಅಡ್ವಾನ್ಸಿನಲ್ಲಿ ಮಾತ್ರ ಏಜೆಂಟು ಎಡವಿತು. ಹತ್ತು ತಿಂಗಳು ಎಂದದ್ದಕ್ಕೆ, ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡೇ ತಿಂಗಳ ಠೇವಣಿ ಎಂದು ವಾದ ಹೂಡಿತು. “ಹಾಗಾದ್ರೆ ದಿಲ್ಲೀಲೇ ಮನೆ ನೋಡ್ಕೊಳಪ್ಪ” ಎಂದು ಉತ್ತರ ಬಂತು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಊರೆಲ್ಲ ಹನ್ನೊಂದು ತಿಂಗಳಿಗೆ ಬರೆಸುವುದು ಎಂಬ ಅದರ ಉಪನ್ಯಾಸವನ್ನು ಅವರು ಓದಲೇ ಇಲ್ಲ. ಕೊನೆಗೆ, “ಹುಡುಗನ ಮುಖ ನೋಡಿ ಎಂಟು ತಿಂಗಳು” ಎಂದರು.

ಭಾನುವಾರ ನಾವಿಬ್ಬರೂ ಹೋದೆವು. ಅಮ್ಮನವರು ನನ್ನ ಹೆಗಲ ಮೇಲಿಂದ ರಸ್ತೆ ನೋಡಿ, “ನೀವು ಅವನ ತಂದೆಯಾ? ಅವನೆಲ್ಲಿ?” ಎಂದರು. ವಿವರಿಸುವಷ್ಟರಲ್ಲಿ ಕಾಫಿ ತಣ್ಣಗಾಯಿತು. ಅವರಿಗಾದ ನಿರಾಸೆಯನ್ನು ನೋಡಲಾಗುತ್ತಿರಲಿಲ್ಲ. ಉಣ್ಣುವ, ಮೀಯುವ ಎರಡು ಜೀವಗಳು ಎದುರಿಗೆ ಕೂತಿದ್ದವಲ್ಲ. ಆದರೂ ಹೆಸರು, ಊರು, ಮಠ ಎಲ್ಲ ವಿಚಾರಿಸಿ ಕೀಲಿಕೈ ಕೊಟ್ಟರು. ನಮ್ಮ ಉತ್ತರಗಳು ಅವರಿಗೆ ಹಿಡಿಸುವಂಥವೇ ಆಗಿದ್ದವು. ಆ ಹೊತ್ತಿಗೆ ನನಗೆ ಅದು ವಿಶೇಷ ಎನ್ನಿಸಲೂ ಇಲ್ಲ.

ನನ್ನ ಜಂಬ ಕೇಳಿ ಕೇಳಿ ಪಕ್ಕದ ಮೇಜಿನ ಸಹೋದ್ಯೋಗಿ ಏಜೆಂಟನ್ನು ಎರವಲು ಕೇಳಿದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನದೆಲ್ಲ ನಿಮಗೇ ಗೊತ್ತಾಗಿಬಿಡುತ್ತದೆ. ಅದೇ ಏಜೆಂಟು, ಅದೇ ಉಗ್ರಾಣ, ಅದೇ ‘ಮಾನ್ಯರೇ’. ಅವರ ಸಂಬಳ ನನ್ನದಕ್ಕಿಂತ ಹೆಚ್ಚು. ಮನೆಗಳು ಸಿಗುತ್ತಿದ್ದವು, ಮಾತು ಬೆಳೆಯುತ್ತಿತ್ತು, ಹೆಸರು ಕೇಳುತ್ತಿದ್ದರು, ಮನೆ ‘ನಿನ್ನೆ ತಾನೆ ಕೊಟ್ಬಿಟ್ವಿ’ ಆಗುತ್ತಿತ್ತು. ಪಟ್ಟಿಯಲ್ಲಿ ಮಾತ್ರ ಅದೇ ಮನೆ ಮರುದಿನವೂ ಖಾಲಿ, ಹೊಸ ಫೋಟೋ ಸಮೇತ. ನಲವತ್ತು ಕಾಲಮುಗಳಿದ್ದವು ಆ ಪಟ್ಟಿಯಲ್ಲಿ: ಚದರಡಿ, ಲಿಫ್ಟು, ಬಾಗಿಲು ಯಾವ ದಿಕ್ಕಿಗೆ ಎಂಬುದೂ. ಏಜೆಂಟು ಗೊಂದಲಗೊಂಡು ಅವರನ್ನೇ ಕೇಳಿತು: “ಮನೆ ಖಾಲಿಯಿದೆ ಎನ್ನುತ್ತದೆ ಮಾಹಿತಿ. ಕೊಟ್ಟಾಗಿದೆ ಎನ್ನುತ್ತಾರೆ ಮಾಲೀಕರು. ಯಾವುದನ್ನು ನಂಬಲಿ?”

ಅವರು ನಕ್ಕು ಫೋನನ್ನು ನನ್ನ ಕಡೆ ತಿರುಗಿಸಿದರು. “ಎರಡೂ ನಿಜ ಅಂತ ಹೇಳಿ ಸಾರ್ ಇದಕ್ಕೆ.”

ನನಗೆ ಕೋಪ ಬಂತು. ಯಾರ ಮೇಲೆ ತೋರಿಸುವುದೆಂದು ತಿಳಿಯದೆ ಕಂಪನಿಗೆ ದೂರು ಬರೆದೆ. ‘ನಮ್ಮ ಮಾಹಿತಿ ಪ್ರತಿ ಗಂಟೆಗೂ ತಾಜಾ ಆಗುತ್ತದೆ’ ಎಂದು ತಾಜಾ ಉತ್ತರ ಬಂತು.

ಅಮ್ಮನವರು ಈಗಲೂ ಏಜೆಂಟಿನ ಜೊತೆ ಮಾತು ಬಿಟ್ಟಿಲ್ಲ. ಸಂಪಿನ ಮೋಟರು ಯಾಕೆ ಗುಂಯ್ ಎನ್ನುತ್ತದೆ, ಮಂಡಿನೋವಿಗೆ ಯಾವ ಎಣ್ಣೆ, ಎಲ್ಲಕ್ಕೂ ಅದೇ ಬೇಕು. ನಾನು ಕೆಳಗೇ ಇದ್ದರೂ ನನ್ನನ್ನು ಕೇಳುವುದಿಲ್ಲ. ಮೊನ್ನೆ ಮೇಲಿನ ಪೋರ್ಷನ್ನು ಖಾಲಿಯಾದಾಗ, “ನಿನ್ನಂಥೋರೇ ಯಾರಾದ್ರೂ ಇದ್ರೆ ಹೇಳಪ್ಪ” ಎಂದು ಬರೆದರು. ನಾನು ನೋಡುವಷ್ಟರಲ್ಲಿ ಏಜೆಂಟು ನಮ್ಮ ಸಹೋದ್ಯೋಗಿಯ ಪೂರ್ತಿ ಹೆಸರು, ಸಂಬಳ, ಮಕ್ಕಳ ಸ್ಕೂಲು ಎಲ್ಲ ಕಳಿಸಿ ಕೂತಿತ್ತು.

“ಅವ್ರೂ ನಿನ್ನ ಹಾಗೇ ಏನೂ ತಿನ್ನಲ್ವಾ?” ಎಂದು ಬಂತು.

ಅದು ಬಾಯಿಬಿಡುವ ಮೊದಲೇ ನಾನು ನುಗ್ಗಿ ಟೈಪು ಮಾಡಿದೆ: “ತಿಂತಾರೆ ಅಮ್ಮ, ನಾನು ತಿಂದಷ್ಟೇ. ತುಂಬ ಒಳ್ಳೇ ಜನ. ಹತ್ತು ತಿಂಗಳು ಅಡ್ವಾನ್ಸೂ ಕೊಡ್ತಾರೆ.”

“ನೀವ್ಯಾರು?” ಎಂದರು ಅಮ್ಮನವರು. “ಆ ಹುಡುಗನಿಗೆ ಫೋನ್ ಕೊಡಿ.”