ಪಿಕಪ್ ವಾಹನದ ಪ್ರಾತಃಕಾಲೀನ ಆರಂಭಕ್ಲೇಶ: ಮೇಟಗಳ್ಳಿಯ ನೆಲೆಯಲ್ಲಿ ಒಂದು ಪ್ರಮಾಣವಿಚಾರ

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯ ಮೇಟಗಳ್ಳಿಯು ಟೈರು ಕಾರ್ಖಾನೆಗೂ ನೋಟು ಮುದ್ರಣಾಲಯಕ್ಕೂ ಹೆಸರಾಗಿದ್ದರೂ, ಅಲ್ಲಿನ ಸರಕು ಸಾಗಣೆಯ ಪಿಕಪ್‌ಗಳು ಮುಂಜಾನೆ ಚಾಲೂ ಆಗಲು ಪಡುವ ಸಂಕಟದ ಬಗ್ಗೆ ಶಾಸ್ತ್ರಕಾರರು ಮೌನ ವಹಿಸಿರುವುದು ವಿಷಾದನೀಯ. ಟೈರಿನ ಶಾಸ್ತ್ರವೇನಿದ್ದರೂ ಎಂಜಿನ್ ಚಾಲೂ ಆದ ಮೇಲಿನದು. ಆರಂಭಕ್ಲೇಶವೆಂದರೆ, ಕೀಲಿ ತಿರುಗಿಸಿದ ಕ್ಷಣಕ್ಕೂ ಎಂಜಿನ್ ಸಮಗತಿಗೆ ಬರುವ ಕ್ಷಣಕ್ಕೂ ನಡುವೆ ಗದ್ದಲ, ನಡುಕ ಮತ್ತು ಹೊಗೆ ಒಟ್ಟಾಗಿ ಕಾಣಿಸಿಕೊಳ್ಳುವ ಅವಸ್ಥೆ. ಕೀಲಿಯ ಮಾತು ಬಿಟ್ಟು ಗದ್ದಲ, ನಡುಕ, ಹೊಗೆ ಎಂದಷ್ಟೇ ಹೇಳಿದ್ದರೆ ಈ ಲಕ್ಷಣವು ಪುಷ್ಯಮಾಸದ ಚಳಿಯಲ್ಲಿ ಬೀಡಿ ಹಚ್ಚಿಕೊಂಡು ಕೆಮ್ಮುವ ಚಾಲಕನಿಗೂ ಅನ್ವಯಿಸಿ, ವಿಷಯವಲ್ಲದ್ದನ್ನೂ ಒಳಗೆ ಸೇರಿಸಿಕೊಳ್ಳುವ ಅತಿವ್ಯಾಪ್ತಿ ಎಂಬ ದೋಷಕ್ಕೆ ಗುರಿಯಾಗುತ್ತಿತ್ತು.

ಮೊದಲು ಪೂರ್ವಪಕ್ಷ, ಅಂದರೆ ಖಂಡಿಸುವ ಸಲುವಾಗಿಯೇ ಗೌರವದಿಂದ ಮಂಡಿಸಬೇಕಾದ ಎದುರಾಳಿಯ ವಾದ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಊರಿಗೆ ಮೋಟಾರ್ ಸೈಕಲ್‌ಗಳ ಜೊತೆಗೆ ಪ್ಲಗ್ ಬಿಚ್ಚಿ ಉಜ್ಜುವ ಸಿದ್ಧಾಂತವನ್ನೂ ಧಾರೆಯೆರೆಯಿತಾಗಿ, ಹಿರಿಯ ತಲೆಮಾರಿನವರು ಯಾವ ವಾಹನ ಕೆಟ್ಟು ನಿಂತರೂ ಅದನ್ನೇ ಪಠಿಸುತ್ತಾರೆ. ಕಿಡಿಯಿಂದ ಹೊತ್ತಿಕೊಳ್ಳುವ ಪೆಟ್ರೋಲ್ ಎಂಜಿನ್‌ಗೆ ಅದು ವೇದವಾಕ್ಯವೇ ಸರಿ. ಆದರೆ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ವಂಶದಲ್ಲಿ ಕಿಡಿಯ ಪ್ಲಗ್ಗೇ ಇಲ್ಲ. ಅಲ್ಲಿ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡರಲ್ಲೊಂದು ಪಾಲಿನಷ್ಟಕ್ಕೆ ಹಿಂಡಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ, ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಇಲ್ಲದ ಪ್ಲಗ್ಗನ್ನು ಉಜ್ಜುವುದು ಮೊಲದ ಕೊಂಬಿಗೆ ಅಣಸು ಹಾಕಿಸಿದಂತೆ.

ಎರಡನೆಯವರು ಬ್ಯಾಟರಿವಾದಿಗಳು, ಇವರಿಗೆ ಸಕಲ ದುಃಖಕ್ಕೂ ಬ್ಯಾಟರಿಯೇ ಮೂಲ. ಮಲ್ಟಿಮೀಟರು ಇವರಿಗಿಂತ ಮಿತಭಾಷಿ: ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸು ತೋರಿಸುವ ಬ್ಯಾಟರಿ, ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗೆ ಕುಸಿಯದಿದ್ದರೆ ಅದು ನಿರಪರಾಧಿ. ಆಗಲೂ ಸೆಲ್ಫ್ ಏದುಸಿರು ಬಿಡುತ್ತಿದ್ದರೆ ಟರ್ಮಿನಲ್‌ಗೆ ಕಟ್ಟಿದ ಬಿಳಿ-ಹಸಿರು ಕಿಲುಬನ್ನು ಬಿಸಿನೀರಿನಲ್ಲಿ ತೊಳೆದು, ಚಾಸಿಗೆ ಬಿಗಿದ ಅರ್ತ್ ತಂತಿಯ ಬುಡವನ್ನು ಕೆರೆದು ನೋಡತಕ್ಕದ್ದು. ದೇಶದ ನೋಟು ಅಚ್ಚಾಗುವ ಮುದ್ರಣಾಲಯ ಮೇಟಗಳ್ಳಿಯಲ್ಲೇ ಇದ್ದರೂ ಹೊಸ ಬ್ಯಾಟರಿಗೆ ಬೇಕಾದಷ್ಟು ನೋಟು ಅಲ್ಲಿಂದ ನೇರವಾಗಿ ಚಾಲಕನ ಕಿಸೆಗೆ ಬರುವ ವ್ಯವಸ್ಥೆ ಇಲ್ಲವಾದ್ದರಿಂದ, ಈ ಕ್ರಮವೇ ಶಾಸ್ತ್ರಸಮ್ಮತ.

ಹೊಗೆಯ ವಿಚಾರಕ್ಕೆ ಬಂದರೆ ಪಿಕಪ್ ತರ್ಕಶಾಸ್ತ್ರವನ್ನೇ ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹ ಓದುವ ವಿದ್ಯಾರ್ಥಿಗೆ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮಕ್ಕೆ, ಸಿಗುವ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿ ಕಂಡಂತೆ. ಪಿಕಪ್‌ನ ಸೈಲೆನ್ಸರಿನಿಂದ ಮುಂಜಾನೆ ಬರುವ ಕಣ್ಣುರಿಸುವ ಬಿಳಿ ಹೊಗೆಯಾದರೋ ಬೆಂಕಿ ಇಲ್ಲದಿರುವುದಕ್ಕೇ ಸಾಕ್ಷಿ, ಏಕೆಂದರೆ ಸಿಲಿಂಡರಿಗೆ ಬಿದ್ದ ಡೀಸೆಲ್ ಹೊತ್ತಿಕೊಳ್ಳದೆ ಹಾಗೆಯೇ ಹೊರಬಿದ್ದದ್ದು ಅದು. ಕಪ್ಪು ಹೊಗೆಯಾದರೆ ಬೆಂಕಿಯುಂಟು, ಗಾಳಿ ಸಾಲದು. ನೀಲಿಯಾದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ಬಿಳಿಯಾಗಿದ್ದೂ ತುಸು ಸಿಹಿ ವಾಸನೆ ಬಂದು, ರೇಡಿಯೇಟರಿನ ಮಟ್ಟವೂ ಇಳಿಯುತ್ತಿದ್ದರೆ ಅದು ಹೊಗೆಯೇ ಅಲ್ಲ, ಹೆಡ್ ಗ್ಯಾಸ್ಕೆಟ್ ದಾಟಿ ಬಂದ ಕೂಲೆಂಟಿನ ಆವಿ. ಆವಿಯನ್ನು ಹೊಗೆಯೆಂದು ನಂಬಿ ಕೆಡುವ ಹೇತ್ವಾಭಾಸ, ಅಂದರೆ ಕಾರಣದ ವೇಷ ತೊಟ್ಟ ಅಕಾರಣ, ತಾರ್ಕಿಕರಿಗೆ ಹಳೆಯ ಪರಿಚಯ.

ತಾರ್ಕಿಕರ ಪರವಾಗಿ ಇನ್ನೊಂದು ಮಾತು ಹೇಳಲೇಬೇಕು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬ ತಲೆಕೆಳಗಾದ ನಿಯಮವನ್ನು ಅವರು ಒಪ್ಪಲಿಲ್ಲ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ, ಹೊಗೆಗೆ ಹಸಿ ಸೌದೆಯ ನಂಟು ಬೇಕು ಎಂದು, ಹೀಗೆ ಮರೆಯಲ್ಲಿ ಕುಳಿತ ಷರತ್ತಿಗೆ ಉಪಾಧಿಯೆಂದು ಹೆಸರಿಟ್ಟರು. ಪಿಕಪ್‌ನ ಮೊದಲ ಉಪಾಧಿಯೂ ಒದ್ದೆ ಇಂಧನವೇ. ಅರೆಖಾಲಿ ಟ್ಯಾಂಕಿನ ತೇವ ನೀರಾಗಿ, ಡೀಸೆಲ್‌ಗಿಂತ ಭಾರವಾದ ಕಾರಣ ಫಿಲ್ಟರಿನ ತಳ ಸೇರುತ್ತದೆ. ತಳದ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಬಸಿದರೆ ನೀರು ಕೆಳಗೆ, ಡೀಸೆಲ್ ಮೇಲೆ ನಿಂತು ಅನುಮಾನವು ಪ್ರತ್ಯಕ್ಷವಾಗುತ್ತದೆ. ಎರಡನೆಯ ಉಪಾಧಿ ಗಾಳಿ. ಸವೆದ ವಾಷರಿನ ಮೂಲಕ ರಾತ್ರಿಯಿಡೀ ಗಾಳಿ ನುಸುಳಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗುವುದನ್ನು ಮೆಕ್ಯಾನಿಕ್ ಪರಿಭಾಷೆಯಲ್ಲಿ ‘ಏರ್ ಹಿಡಿದಿದೆ’ ಎನ್ನುತ್ತಾರೆ. ಕೈಪಂಪು ಒತ್ತಿ ಗುಳ್ಳೆ ಹೋಗಲಾಡಿಸುವುದು ಅಂದಿನ ಪರಿಹಾರ ಮಾತ್ರ, ವಾಷರು ಬದಲಿಸದೆ ಮರುದಿನ ಅದೇ ಕ್ಲೇಶದ ಪುನರ್ಜನ್ಮ.

ಹೊತ್ತಿಕೊಂಡ ಮೇಲೂ ಎಂಜಿನ್ ಕುಣಿಯುತ್ತಿದ್ದರೆ ಹೀಟರ್ ಪ್ಲಗ್ಗಿನ ಮೇಲೆ ಸಂಶಯ ಪಡಬೇಕು. ಇದು ಕಿಡಿ ಹಾರಿಸದೆ, ತಣ್ಣನೆಯ ಸಿಲಿಂಡರನ್ನು ಕಾಯಿಸಿ ಕೊಡುವ ಪ್ಲಗ್ಗು. 2005ರಲ್ಲಿ ಬಂದ ಎರಡು ಸಿಲಿಂಡರಿನ ಟಾಟಾ ಏಸ್‌ನಲ್ಲಿ ಒಂದು ಸಿಲಿಂಡರು ಮುನಿದರೆ ಅರ್ಧ ಎಂಜಿನ್ನೇ ಮುನಿದಂತಾಗುವುದರಿಂದ ನಡುಕ ಸೀಟಿನವರೆಗೂ ತಲುಪುತ್ತದೆ. ಯಾವ ಸಿಲಿಂಡರು ದೋಷಿಯೆಂದು ತಿಳಿಯಲು ಹಳೆಯ ಯಾಂತ್ರಿಕ ಪಂಪಿನ ಎಂಜಿನ್ನಿನಲ್ಲಿ ನಾಜಲ್‌ಗೆ ಹೋಗುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಸಡಿಲಿಸಿದರೂ ಸದ್ದು ಬದಲಾಗದ ಸಿಲಿಂಡರು ಮೊದಲೇ ಕೆಲಸ ಬಿಟ್ಟಿತ್ತೆಂದು ಅರ್ಥ. ಶಾಸ್ತ್ರದಲ್ಲಿ ಇದಕ್ಕೆ ವ್ಯತಿರೇಕ, ಅಂದರೆ ಇಲ್ಲದಿರುವಿಕೆಯಿಂದ ಸಾಧಿಸುವ ರೀತಿ, ಎಂದು ಹೆಸರು. ಆದರೆ ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಡೀಸೆಲ್ ತುಂಬಿರುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಈ ಪ್ರಯೋಗ ಸರ್ವಥಾ ನಿಷಿದ್ಧ, ಏಕೆಂದರೆ ಅಲ್ಲಿ ಚಿಮ್ಮುವ ಧಾರೆ ಚರ್ಮವನ್ನೇ ಸೀಳಿ ಒಳಹೋಗುತ್ತದೆ. ಅಲ್ಲಿ ತರ್ಕವನ್ನು ಸ್ಕ್ಯಾನರಿಗೆ ಬಿಟ್ಟು ದೂರ ನಿಲ್ಲುವುದೇ ಪಾಂಡಿತ್ಯ.

ಇವೆಲ್ಲ ನಿರ್ದೋಷವೆಂದು ಸಿದ್ಧವಾದರೆ ಉಳಿಯುವುದು ಕಂಪ್ರೆಷನ್. ರಿಂಗು ಸವೆದೋ ವಾಲ್ವು ಸರಿಯಾಗಿ ಕೂರದೆಯೋ ಹಿಂಡಿದ ಗಾಳಿ ಸೋರಿಹೋದರೆ ಕಾವು ಏರುವುದೇ ಇಲ್ಲ, ಗೇಜು ಹಾಕಿ ಅಳೆದು ಎಂಜಿನ್ ಬಿಚ್ಚುವುದಲ್ಲದೆ ಬೇರೆ ಮಾರ್ಗವೂ ಇಲ್ಲ. ಖರ್ಚಿನ ಅಂದಾಜು ಕೇಳಿದ ಮಾಲೀಕರಲ್ಲಿ ಹಲವರು ಈ ಹಂತದಲ್ಲಿ ಪ್ರಮಾಣವಿಚಾರವನ್ನು ತ್ಯಜಿಸಿ, ರಾತ್ರಿ ಇಳಿಜಾರು ಹುಡುಕಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮನೆಗೆ ಹೋಗುವ ಪಂಥವನ್ನು ಸೇರುತ್ತಾರೆ.