ಅಭಾವಸೇತು: ಸರಕು ಬೈಪಾಸ್ ಮತ್ತು ಮೇಲ್ಸೇತುವೆಯ ಪೂರ್ವ-ಕಾರ್ಯಸಾಧ್ಯತಾ ಮೀಮಾಂಸೆ

ಇಲ್ಲದಿರುವುದೂ ಒಂದು ಪದಾರ್ಥ ಎಂದವರು ನಮ್ಮ ನೈಯಾಯಿಕರು. ಅನ್ನಂಭಟ್ಟನ ‘ತರ್ಕಸಂಗ್ರಹ’ ದ್ರವ್ಯ, ಗುಣ, ಕರ್ಮಗಳಿಂದ ಹೊರಟು ಏಳನೆಯದಾಗಿ ಅಭಾವಕ್ಕೆ ಬಂದು, ಅದನ್ನು ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ನಾಲ್ಕಾಗಿ ಸೀಳುತ್ತದೆ. ತಾರ್ಕಿಕರಿಗೆ ಉದಾಹರಣೆಗೆ ಸಿಕ್ಕಿದ್ದು ಮಡಕೆ. ನಮ್ಮೂರಿನ ರೈಲ್ವೆ ಗೇಟು ಸಿಕ್ಕಿದ್ದರೆ ಶಾಸ್ತ್ರ ಇನ್ನಷ್ಟು ಬೆಳೆಯುತ್ತಿತ್ತು. ಸದರಿ ಕೊರತೆಯನ್ನು ನೀಗುವ ಸಲುವಾಗಿ, ಊರ ಹೊರಗೆ ಗೂಡ್ಸ್ ರೈಲುಗಳಿಗೊಂದು ಬೈಪಾಸು ಹಾಗೂ ಗೇಟಿನ ಮೇಲೊಂದು ಸೇತುವೆ ಎಂಬ ಅವಳಿ ಅಭಾವಗಳನ್ನು ಈ ಪ್ರಬಂಧವು ಬಹು-ಆಯಾಮೀಯ, ಬಹು-ಭಾಗೀದಾರ, ಸಮಗ್ರ-ಸಮನ್ವಿತ ಸರಕುಚಲನಾ ದೃಷ್ಟಿಕೋನದಿಂದ ಪರಾಮರ್ಶಿಸತಕ್ಕದ್ದಾಗಿದೆ. (ಈ ವಾಕ್ಯದ ಅರ್ಥ ಕೇಳಬಾರದು. ಗೇಟಿನ ಬಗ್ಗೆ ನಡೆದ ಅಹವಾಲು ಸಭೆಯಲ್ಲಿ ಇಂಥದ್ದೇ ವಾಕ್ಯ ಪರದೆಯ ಮೇಲೆ ಮೂಡಿದಾಗ ನಾವೂ ಕೇಳಲಿಲ್ಲ; ಊಟದ ಹೊತ್ತಾಗಿತ್ತು.)

ಮೊದಲನೆಯದು ಪ್ರಾಗಭಾವ. ಮಡಕೆ ಹುಟ್ಟುವ ಮುಂಚಿನ ಮಡಕೆಯ ಇಲ್ಲದಿರುವಿಕೆ. ಇದು ಅನಾದಿ, ಆದರೆ ಅಂತ್ಯವುಂಟು ಎಂದು ಶಾಸ್ತ್ರ. ಅನಾದಿ ಎಂಬುದರಲ್ಲಿ ತಕರಾರಿಲ್ಲ. ಪ್ರಸ್ತಾವನೆಯ ಮೊದಲ ಕಡತವನ್ನು ಕಂಡವರಿಲ್ಲ. ಹಾಲಿ ಶಾಸಕರು ಮಾಜಿಗಳನ್ನು ತೋರಿಸುತ್ತಾರೆ, ಮಾಜಿಗಳು ಆಕಾಶವನ್ನು. ಅಂತ್ಯ ಮಾತ್ರ ವಿವಾದಾಸ್ಪದ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯ ಪ್ರಾಗಭಾವ ವರ್ಷಗಟ್ಟಲೆ ಒಂದು ಗಡುವಿನಿಂದ ಇನ್ನೊಂದು ಗಡುವಿಗೆ ಜಿಗಿದು, ಇಡೀ ಕರಾವಳಿಗೆ ಹಾಸ್ಯಸಾಹಿತ್ಯ ಒದಗಿಸಿ, ಕಡೆಗೆ 2020ರ ಜನವರಿ 31ರಂದು ಸಮಾಪ್ತವಾಯಿತು. ಅಲ್ಲಿ ರೈಲಿನ ಕಾಟ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇನ್ನು ಸರಕು ರೈಲಿಗೆಂದೇ ಪ್ರತ್ಯೇಕ ಹಳಿ ಹಾಕುವ ಕಾರಿಡಾರ್ ನಿಗಮ ಹುಟ್ಟಿದ್ದು 2006ರಲ್ಲಿ. ಉತ್ತರಪ್ರದೇಶದ ಭಾವುಪುರ–ಖುರ್ಜಾ ನಡುವಿನ 351 ಕಿಲೋಮೀಟರ್ ಉದ್ಘಾಟನೆಯಾದದ್ದು 2020ರ ಡಿಸೆಂಬರ್ 29ಕ್ಕೆ. ದೇಶದ ಮಹಾಯೋಜನೆಗೇ ಹದಿನಾಲ್ಕು ವರ್ಷದ ವನವಾಸವಾದರೆ ನಮ್ಮೂರಿನ ಬೈಪಾಸಿಗೆ ಅಜ್ಞಾತವಾಸವೂ ಸೇರುವುದು ನ್ಯಾಯವೇ.

ಇನ್ನು ಪ್ರಮಾಣ ವಿಚಾರ. ಪ್ರಬಂಧದ ತಿರುಳೇ ಇದು. ಸೇತುವೆ ಬೇಕೋ ಬೇಡವೋ ಎಂಬುದು ಪ್ರತ್ಯಕ್ಷದಿಂದ ಸಿದ್ಧವಾಗದು. ಗೇಟಿನ ಮುಂದೆ ನಿಂತವನ ಪ್ರತ್ಯಕ್ಷಕ್ಕೆ ಬೆಲೆಯಿಲ್ಲ. ಸಿದ್ಧವಾಗುವುದು ‘ಟ್ರೇನ್ ವೆಹಿಕಲ್ ಯೂನಿಟ್’ ಎಂಬ ಗುಣಾಕಾರದಿಂದ. ದಿನಕ್ಕೆ ಓಡುವ ರೈಲುಗಳನ್ನು ದಿನಕ್ಕೆ ದಾಟುವ ವಾಹನಗಳಿಂದ ಗುಣಿಸಬೇಕು. ಒಂದು ಲಕ್ಷ ಮುಟ್ಟಿದರೆ, ವಾಡಿಕೆಯಂತೆ ರೈಲ್ವೆ ಅರ್ಧ, ರಾಜ್ಯ ಅರ್ಧ ಖರ್ಚು ಹಾಕಿ ಸೇತುವೆ ಕಟ್ಟುವ ಯೋಗ್ಯತೆ ಊರಿಗೆ ಪ್ರಾಪ್ತವಾಗುತ್ತದೆ. ಈ ಗಣಿತದಲ್ಲಿ ಲಾರಿ ಒಂದು, ಬಸ್ಸು ಒಂದು, ಎತ್ತಿನ ಗಾಡಿಯೂ ಒಂದು. ಆಟೋರಿಕ್ಷಾ ಅರ್ಧ. ಗುಣಿಸುವ ರೈಲಿನ ಕಡೆ ನೋಡಿದರೆ, ತೋರಣಗಲ್ಲಿನತ್ತ ಅದಿರು ಹೊತ್ತು ತೆವಳುವ ಅರ್ಧ ಮೈಲಿ ಉದ್ದದ ಗೂಡ್ಸೂ ಒಂದು, ಶಿಳ್ಳೆ ಹಾಕಿ ಮಾಯವಾಗುವ ಪ್ಯಾಸೆಂಜರೂ ಒಂದು. ಇಷ್ಟು ಶುದ್ಧವಾದ ಅದ್ವೈತವನ್ನು ಶೃಂಗೇರಿಯಲ್ಲೂ ಕೇಳಿಲ್ಲ. ಆಂಬುಲೆನ್ಸ್ ಒಂದು, ಒಳಗೆ ಯಾರಿದ್ದಾರೆ, ಉಸಿರು ಹೇಗಿದೆ ಎಂಬುದು ಉಪಾಧಿ ಮಾತ್ರ. ನಡೆದು ದಾಟುವ ಮನುಷ್ಯ ಈ ಗುಣಾಕಾರದಲ್ಲಿ ಇಲ್ಲವೇ ಇಲ್ಲ. ಅತ್ಯಂತಾಭಾವಕ್ಕೆ ಬೇರೆ ಉದಾಹರಣೆ ಬೇಡ.

ಈಗ ತರ್ಕದೋಷ ನೋಡಿ. ನಲವತ್ತು ರೈಲು, ಎರಡೂವರೆ ಸಾವಿರ ವಾಹನ: ಗುಣಿಸಿದರೆ ಸರಿಯಾಗಿ ಲಕ್ಷ. ಸೇತುವೆಗೆ ಅರ್ಹತೆ ಬಂತು. ಅಷ್ಟರಲ್ಲಿ ಬೈಪಾಸಿನ ಕಡತದವರು ಇಪ್ಪತ್ತು ಗೂಡ್ಸುಗಳನ್ನು ಊರ ಹೊರಗೆ ತಿರುಗಿಸುವುದಾಗಿ ಬರೆಯುತ್ತಾರೆ. ಕಾಗದದ ಮೇಲೆ ರೈಲು ಇಪ್ಪತ್ತಾಯಿತು, ಗುಣಲಬ್ಧ ಐವತ್ತು ಸಾವಿರವಾಯಿತು, ಸೇತುವೆ ಅನರ್ಹ. ಅತ್ತ ಬೈಪಾಸಿನ ಕಡತಕ್ಕೂ ಆಕ್ಷೇಪಣೆ: ಸೇತುವೆ ಹೇಗೂ ಬರಲಿದೆಯಲ್ಲ, ಗೇಟಿನ ತೊಂದರೆ ತಪ್ಪುತ್ತದೆ, ಬೈಪಾಸಿಗೆ ಭೂಸ್ವಾಧೀನ ಯಾತಕ್ಕೆ? ಅದು ಬರುವುದರಿಂದ ಇದು ಬೇಡ, ಇದು ಬರುವುದರಿಂದ ಅದು ಬೇಡ. ತರ್ಕಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯ ದೋಷ. ಕಚೇರಿಯಲ್ಲಿ ಇದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಹೆಸರು.

ಅನ್ಯೋನ್ಯಾಭಾವವೆಂದರೆ ಇದು ಅದಲ್ಲ, ಅದು ಇದಲ್ಲ. ಹಳಿಯ ನೇರ ಮೇಲಿನ ತುಂಡು ರೈಲ್ವೆಯದು, ಅದಕ್ಕೆ ಹತ್ತುವ ಇಳಿಜಾರು ರಾಜ್ಯದ್ದು. ಒಬ್ಬರು ಕಟ್ಟಿ ಮುಗಿಸಿದಾಗ ಇನ್ನೊಬ್ಬರ ಟೆಂಡರ್ ತೆರೆದಿರುವುದಿಲ್ಲ. ಹತ್ತಲು ದಾರಿಯಿಲ್ಲದೆ, ಇಳಿಯಲು ದಾರಿಯಿಲ್ಲದೆ ಅಂತರಾಳದಲ್ಲಿ ನಿಂತ ತುಂಡಿಗೆ ತ್ರಿಶಂಕುವಿನ ಹೆಸರಿಡಬಹುದಿತ್ತು. ನಮ್ಮಲ್ಲಿ ಅದಕ್ಕೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುತ್ತಾರೆ. ಎರಡೂ ತುಂಡು ಕೂಡಿದರೂ ಆಪತ್ತು ಇಲ್ಲದಿಲ್ಲ. ಭೋಪಾಲಿನ ಐಶ್‌ಬಾಗ್‌ನಲ್ಲಿ ಸುಮಾರು 18 ಕೋಟಿ ರೂಪಾಯಿಯ ಮೇಲ್ಸೇತುವೆ ಎದ್ದು ನಿಂತಾಗ ಅದರ ತಿರುವು 90 ಡಿಗ್ರಿ ಎಂದು ದೇಶವೇ ನಕ್ಕಿತು. 2025ರ ಜೂನ್‌ನಲ್ಲಿ ಎಂಜಿನಿಯರುಗಳು ಸಾಲಾಗಿ ಅಮಾನತಾದರು. ಆಮೇಲೆ ಹೈಕೋರ್ಟಿಗೆ ಹೋದ ತಜ್ಞ ವರದಿ ಕೋನ 118ರ ಆಸುಪಾಸು ಎಂದಿತು. ಮಿಕ್ಕ ಇಪ್ಪತ್ತೆಂಟು ಡಿಗ್ರಿ ಸಮಾಧಾನದ್ದು.

ಉಳಿದದ್ದು ಪ್ರಧ್ವಂಸಾಭಾವ, ಇದ್ದದ್ದು ಒಡೆದುಹೋದ ಮೇಲಿನ ಇಲ್ಲದಿರುವಿಕೆ. ಆದಿಯುಂಟು, ಅಂತ್ಯವಿಲ್ಲ. ಸರ್ವಿಸ್ ರಸ್ತೆಯನ್ನು ಅಗೆದು ಗೇಟನ್ನು ಶಾಶ್ವತವಾಗಿ ಮುಚ್ಚಿ… ಸಾಕು. ಈ ವರ್ಗೀಕರಣದಲ್ಲಿ ಇನ್ನು ರುಚಿಯಿಲ್ಲ.

ಗೇಟು ಬಿದ್ದಾಗ ಏನಾಗುತ್ತದೆಂದು ಯಾವ ಯೋಜನಾ ವರದಿಯಲ್ಲೂ ಓದಿಲ್ಲ, ಹೇಳುತ್ತೇನೆ. ಗೇಟು ಹಾಕಿ ಬೀಗ ಬೀಳದೆ ಸಿಗ್ನಲ್ ಹಸಿರಾಗುವುದಿಲ್ಲ. ಹಾಗಾಗಿ ರೈಲು ಕಣ್ಣಿಗೆ ಬೀಳುವ ಎಷ್ಟೋ ಮುಂಚೆ ರಸ್ತೆ ಮುಚ್ಚಿರುತ್ತದೆ. ಅದು ಸುರಕ್ಷತೆ, ಸರಿಯೇ. ಆ ಹೊತ್ತಿನಲ್ಲಿ ಈ ಬದಿಯವರು ಪೂರ್ತಿ ರಸ್ತೆ ತುಂಬುತ್ತಾರೆ, ಆ ಬದಿಯವರೂ. ಗೂಡ್ಸ್ ಹೋಗುತ್ತದೆ, ಗೇಟು ಏಳುತ್ತದೆ, ಎರಡು ಸೈನ್ಯ ಮುಖಾಮುಖಿ. ಅದು ಬಿಡಿಸಿಕೊಳ್ಳುವಷ್ಟರಲ್ಲಿ ಮತ್ತೆ ಗಂಟೆ ಹೊಡೆಯುತ್ತದೆ. ಗೇಟ್‌ಮನ್‌ಗೆ ಬೈಯುತ್ತಾರೆ. ಎರಡೂ ಕಡತಗಳನ್ನು ಎಂದೂ ಮುಟ್ಟದ ಏಕೈಕ ಮನುಷ್ಯ ಅವನು.

ಸೇತುವೆ ಆಗದಿದ್ದರೆ ಅಂಡರ್‌ಪಾಸ್ ಕೊಡುತ್ತೇವೆ ಎನ್ನುತ್ತಾರೆ. ಅಗ್ಗ, ಬೇಗ. ಮಳೆಗಾಲದಲ್ಲಿ ಅದು ಕೆರೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ, ವಿಧಾನಸೌಧದ ಮಗ್ಗುಲಲ್ಲೇ, ಕಾರಿನಲ್ಲಿದ್ದ ಯುವತಿಯೊಬ್ಬಳು ನೀರಲ್ಲಿ ಸಿಕ್ಕಿ ಸತ್ತಳು. ಅದರ ಮೇಲೆ ಹಳಿ ಇಲ್ಲ. ತಗ್ಗು ತೋಡುವಾಗ ನೀರು ಎಲ್ಲಿ ಹೋಗಬೇಕೆಂದು ಯೋಚಿಸದ ತಲೆಗೆ ಹಳಿ ಇದ್ದರೇನು, ಇಲ್ಲದಿದ್ದರೇನು? ಮಳೆ ನಮ್ಮ ನಾಡಿಗೆ ಆ ವರ್ಷ ಮೊದಲು ಬಂದದ್ದೇ? ಇದನ್ನು ಯಾವ ಅಭಾವದಲ್ಲಿ ಸೇರಿಸಲಿ? ನನಗೆ ಅಣಕ ಬರುವುದಿಲ್ಲ ಇಲ್ಲಿ.

ಬೈಪಾಸು ಬೇಡವೆನ್ನುವ ಮೂಢ ನಾನಲ್ಲ. ಅದಿರು, ಕಲ್ಲಿದ್ದಲು, ಸಿಮೆಂಟು ಊರ ಹೊಟ್ಟೆಯೊಳಗೆ ಹಾಯದೆ ಹೋಗಲಿ. ಅದಕ್ಕೆ ಜಮೀನು ಕೊಡುವ ರೈತನಿಗೆ ಹಣ ಅವನು ಬದುಕಿರುವಾಗ ಸಿಗಲಿ. ಬೈಪಾಸು ಬರುವತನಕ ಗೇಟಿನ ಪಕ್ಕ ಒಂದು ಕಾಲುಸೇತುವೆಯಾದರೂ ಆಗಲಿ. ಮುದುಕಿಯರು ನಿಂತ ಗೂಡ್ಸಿನಡಿ ನುಸುಳಿ ಸಂತೆಗೆ ಹೋಗುವುದನ್ನು ನೋಡಲಾಗುತ್ತಿಲ್ಲ.

ಗೇಟಿನ ವಾಹನ ಎಣಿಕೆಗೆ ಮತ್ತೆ ಬರುತ್ತಾರಂತೆ. ಬರಲಿ. ಬೆಳಿಗ್ಗೆ ಎಂಟೂವರೆಗೆ ಬರಲಿ, ಹೈಸ್ಕೂಲಿನ ಮಕ್ಕಳು ದಾಟುವ ಹೊತ್ತಿಗೆ. ನಮೂನೆಯಲ್ಲಿ ನಡೆಯುವವರಿಗೆ ಅಂಕಣವಿಲ್ಲದಿದ್ದರೆ ಅಂಚಿನಲ್ಲಿ ಬರೆದುಕೊಳ್ಳಲಿ. ಪೆನ್ನು ನಾವು ಕೊಡುತ್ತೇವೆ.