ಪದಕ ಬಂದರೆ ಕ್ರೀಡೆ, ಬರದಿದ್ದರೆ ಚಟ

2018ರ ಸೆಪ್ಟೆಂಬರ್ 1ರಂದು ಕೋಲ್ಕತ್ತದ ಮರ್ಯಾದಸ್ಥರಿಗೆಲ್ಲ ಒಂದು ಹೊಸ ಸಂಗತಿ ಗೊತ್ತಾಯಿತು. ಇಸ್ಪೀಟು ಬುದ್ಧಿವಂತರ ಆಟವಂತೆ.

ಅಂದು ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಆಟದ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ಬಂತು. ಗೆದ್ದವರು ಬಂಗಾಳದವರೇ ಆದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಒಬ್ಬರಿಗೆ 60, ಇನ್ನೊಬ್ಬರಿಗೆ 56. ಹಿಂದಿನ ದಿನದವರೆಗೂ ಬ್ರಿಜ್ ಎಂದರೆ ಮನೆಗೆ ಬೇಡವಾದ ಗಂಡಸರ ಎಲೆಯಾಟ. ಚಿನ್ನ ಬಂದ ಸಂಜೆಯೇ ಅದು ಬಂಗಾಳದ ಬೌದ್ಧಿಕ ಪರಂಪರೆಯಾಯಿತು.

ನಮ್ಮ ಕಟ್ಟಡದ ಎರಡನೇ ಮಹಡಿಯ ಹಿರಿಯರು, ಎಲ್ಲರ ಮೇಶೋಮೊಶಾಯ್, ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದರು. "ನೋಡಿದಿರಾ ಮೊಶಾಯ್, ಬಂಗಾಳಿ ತಲೆ ಅಂದರೆ ಇದು!" ಎಂದರು. ಸ್ವಲ್ಪ ದಿನದ ಹಿಂದಷ್ಟೇ ತಾರಸಿಯಲ್ಲಿ ಟ್ವೆಂಟಿ-ನೈನ್ ಇಸ್ಪೀಟು ಆಡುತ್ತಿದ್ದ ಹುಡುಗರನ್ನು ಜೂಜುಕೋರರೆಂದು ಬೈದು, ತಾರಸಿಗೆ ಬೀಗ ಜಡಿಸಿದವರು ಇವರೇ. ಬೀಗ ತೆಗೆಸುತ್ತೀರಾ ಎಂದು ಕೇಳಿದೆ. ಅದು ಬೇರೆ ವಿಷಯ ಎಂದರು.

ಬೇರೆ ವಿಷಯವೇ. ಆ ಹುಡುಗರಿಗೆ ಪದಕ ಬಂದಿರಲಿಲ್ಲ.

ತಮಾಷೆಯೆಂದರೆ ಕಾನೂನು ಈ ಹಿರಿಯರಿಗಿಂತ ಎಷ್ಟೋ ಉದಾರಿ. ಪಶ್ಚಿಮ ಬಂಗಾಳದ 1957ರ ಜೂಜು ಕಾಯ್ದೆಯೇ ಬ್ರಿಜ್, ಪೋಕರ್, ರಮ್ಮಿ ಜೂಜಲ್ಲ ಎಂದು ಹೆಸರು ಹಿಡಿದು ಹೇಳಿದೆ. ಶಾಸನಸಭೆ ಇದನ್ನು ಒಪ್ಪಿ ಆರು ದಶಕಗಳ ಮೇಲಾಯಿತು. ಮನೆಯ ಹಾಲ್ ಇನ್ನೂ ಒಪ್ಪಿಲ್ಲ.

ಹಾಗಾದರೆ ಜೂಜೆಂದರೆ ಇವರಿಗೆ ಅಷ್ಟು ಅಸಹ್ಯವೋ? ಎಲ್ಲಿಯ ಮಾತು. ನಾಲ್ಕು ಜನ ಎದುರುಬದುರು ಕೂತು, ತಲಾ ಹದಿಮೂರು ಎಲೆ ಹಿಡಿದು, ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟು ಆಡಿದರೆ ಚಟ. ಒಬ್ಬನೇ ಸೋಫಾದಲ್ಲಿ ಬಿದ್ದುಕೊಂಡು, ಮೊಬೈಲಿನಲ್ಲಿ ದುಡ್ಡು ಕಟ್ಟಿ, ಹನ್ನೊಂದು ಕ್ರಿಕೆಟಿಗರ ಹೆಸರು ಒತ್ತಿದರೆ ಕ್ರೀಡಾಪ್ರೇಮ. 2020ರ ಐಪಿಎಲ್ ಪಂದ್ಯಾವಳಿಯ ಹೆಸರಿಗೇ ಇಂಥದೊಂದು ಆ್ಯಪ್, ಡ್ರೀಮ್ ಇಲೆವೆನ್, ಅಂಟಿಕೊಂಡಿತು. 2023ರಲ್ಲಿ ಅದು ಭಾರತ ತಂಡದ ಎದೆಯ ಮೇಲೇ ಕೂತಿತು. ಅದರ ಪ್ರತಿಸ್ಪರ್ಧಿ ಮೈ ಇಲೆವೆನ್ ಸರ್ಕಲ್‌ಗೆ ಮುಖ ಕೊಟ್ಟವರು ಯಾರು? ಈ ಊರಿನ ಮಹಾರಾಜ, ಸೌರವ್ ಗಂಗೂಲಿ. ಮಕ್ಕಳೆಲ್ಲ ಟಿವಿಯ ಮುಂದೆ ಇರುವ ಹೊತ್ತಿಗೇ ಜಾಹೀರಾತು. ಯಾವ ಮೇಶೋಮೊಶಾಯಿಯೂ ಟಿವಿಗೆ ಬೀಗ ಹಾಕಲಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ಹಣದ ಆನ್‌ಲೈನ್ ಆಟ ನಿಷೇಧಿಸಿದಾಗ, ಅಂಗಿಯಿಂದ ಹೆಸರು ಹೋಯಿತು. ಅಲ್ಲಿಯ ತನಕ ಅದು 'ಕೌಶಲ'.

ನಾವೇನು ಕಮ್ಮಿಯಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅಧಿಕಾರ ಕೈತಪ್ಪಿದ ಮೇಲೆ ಚದುರಂಗ, ಪಗಡೆ, ಗಂಜೀಫಾ ಎಲೆಯಾಟಗಳಲ್ಲಿ ಮುಳುಗಿ ಹೊಸಹೊಸ ಆಟ ಕಟ್ಟಿದರು, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಸಿಟ್ಟರು. ದಸರಾ ಬಂದರೆ ಅದು ನಮ್ಮ ಹೆಮ್ಮೆ. ದಸರಾ ಮುಗಿದ ಮರುದಿನ ಪೇಪರಿನ ಮೂಲೆಯಲ್ಲಿ 'ಇಸ್ಪೀಟ್ ಅಡ್ಡೆ ಮೇಲೆ ದಾಳಿ'. ದೊರೆ ಆಡಿದರೆ ಕಲೆ, ತೋಟದ ಮನೆಯಲ್ಲಿ ಆಡಿದರೆ ಕೇಸು. ಪಣ ಕಟ್ಟಿದ್ದರು ಸ್ವಾಮಿ ಎನ್ನುತ್ತೀರಿ. ಒಪ್ಪಿದೆ. ಪಣವಿಲ್ಲದೆ ಆಡುವವನಿಗೂ ನೀವು ಹೆಣ್ಣು ಕೊಡುವುದಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ?

ಬಂಗಾಳದ್ದೂ ಅದೇ ಹಾಡು. ಬಿಷ್ಣುಪುರದ ದಶಾವತಾರ ಎಲೆಗಳೆಂದರೆ ಬಟ್ಟೆ ಪದರ ಅಂಟಿಸಿ, ಗುಂಡಗೆ ಕತ್ತರಿಸಿ, ಕೈಯಲ್ಲಿ ಬಣ್ಣ ಹಾಕಿದ 120 ಎಲೆಗಳು. ಅವತಾರಕ್ಕೆ ಹನ್ನೆರಡರಂತೆ ಹತ್ತು ಅವತಾರ. ಕೋಲ್ಕತ್ತದ ಮೇಳಗಳಲ್ಲಿ ಜನ ಮುಗಿಬಿದ್ದು ಕೊಳ್ಳುತ್ತಾರೆ. ನೇರ ಫ್ರೇಮಿನ ಅಂಗಡಿಗೆ ಒಯ್ಯುತ್ತಾರೆ. ಮೊಳೆ ಹೊಡೆಯಲು ಜನ ಇದ್ದಾರೆ. ಆಡಲು ಬರುವವರನ್ನು ಹುಡುಕಬೇಕು.

ಈಗಿನ ಹುಡುಗರು ಇನ್ನೊಂದು ದಾರಿ ಹಿಡಿದಿದ್ದಾರೆ. ಭಾನುವಾರ ಕೆಫೆಯ ಮೂಲೆಯಲ್ಲಿ ಆರು ಜನ, ನಡುವೆ ನಕ್ಷೆಯಂಥ ಬೋರ್ಡು, ಇಪ್ಪತ್ತು ಮುಖದ ದಾಳ, ಕೈಬರಹದ ಹಾಳೆಗಳು. ಒಬ್ಬ ಕತೆ ಹೇಳುತ್ತಾನೆ, ಐವರು ವೇಷ ಕಟ್ಟುತ್ತಾರೆ. ಯಕ್ಷಗಾನ ಕಂಡ ನಮಗೆ ಇದರಲ್ಲಿ ವಿಚಿತ್ರ ಕಾಣಬಾರದು. ಆದರೆ ಪಕ್ಕದ ಮೇಜಿನ ಅತ್ತಿಗೆ, ಅಂದರೆ ಬೌದಿ, ಹುಬ್ಬೇರಿಸುತ್ತಾರೆ. ಇಪ್ಪತ್ತೈದು ವರ್ಷದ ಕತ್ತೆಗಳು ಆಟಿಕೆ ಇಟ್ಟುಕೊಂಡು ಕೂತಿವೆಯಲ್ಲ! ಅವರ ಯಜಮಾನರು ಅದೇ ಹೊತ್ತಿಗೆ ಫೋನಿನಲ್ಲಿ ಬಣ್ಣದ ಮಿಠಾಯಿ ಸಾಲು ಹೊಂದಿಸುತ್ತಿರುತ್ತಾರೆ. ಅದು ಲೆಕ್ಕಕ್ಕಿಲ್ಲ. ಒಬ್ಬನೇ ಆಡುವುದರಿಂದ ವಿಶ್ರಾಂತಿ. ನಾಲ್ವರು ನಗುತ್ತ ಆಡಿದರೆ ಮಾತ್ರ ಹುಡುಗಾಟ.

ಇನ್ನು ಆಡುವ ಜಾಗಕ್ಕೆ ಬಂದರೆ, ಸರ್ಕಾರಕ್ಕೆ ಕ್ಲಬ್ಬುಗಳ ಮೇಲೆ ಪ್ರೀತಿ ಇಲ್ಲ ಎನ್ನಬೇಡಿ. ದುರ್ಗಾಪೂಜೆ ಮಾಡುವ ಪಾಡಾ (ಕೇರಿ) ಕ್ಲಬ್ಬುಗಳಿಗೆ 2018ರಲ್ಲಿ ತಲಾ 10,000 ರೂಪಾಯಿ ಕೊಡಲು ಶುರುವಾಯಿತು. 2025ರಲ್ಲಿ ಅದು 1,10,000. ಪೂಜೆ ಐದು ದಿನ. ಕ್ಲಬ್ಬಿನ ಟ್ಯೂಬ್‌ಲೈಟ್ ಕೆಳಗೆ ವರ್ಷವಿಡೀ ನಡೆಯುವುದು ಕೇರಂ. ಆ ಬೋರ್ಡಿನ ಪ್ಲೈ ಎದ್ದಿದೆ, ಒಂದು ಪಾಕೆಟಿನ ಬಲೆ ಹರಿದಿದೆ, ಕೆಂಪು ಕಾಯಿ ಎರಡು ಸಲ ಬಣ್ಣ ಬಳಿಸಿಕೊಂಡಿದೆ. ಬೋರಿಕ್ ಪೌಡರಿಗೆ ಹುಡುಗರೇ ಚಂದಾ ಎತ್ತಬೇಕು.

ಗರಿಯಾಹಾಟ್ ಫ್ಲೈಓವರ್ ಕೆಳಗೆ ಚೆಸ್ ಆಡುವವರಿಗಂತೂ ತಲೆಯ ಮೇಲೆ ಇರುವುದು ಆ ಫ್ಲೈಓವರ್ ಒಂದೇ. ಸೀರೆ ಅಂಗಡಿಗಳ ಕೂಗು, ಬಸ್ಸಿನ ಹಾರ್ನ್, ಹೊಗೆ. ನಡುವೆ ಗಡಿಯಾರ ಕುಟ್ಟುತ್ತ ಆಡುವ ನಿವೃತ್ತ ಗುಮಾಸ್ತರು, ಅವರಿಗೆ ಎದುರಾಗಿ ಕಾಲೇಜು ಹುಡುಗರು. ಶುಲ್ಕವಿಲ್ಲ, ಜಾತಿಯಿಲ್ಲ, ಯಾರು ಬೇಕಾದರೂ ಕೂರಬಹುದು. ಇಡೀ ಊರಿನಲ್ಲಿ ಇಷ್ಟು ಮರ್ಯಾದೆಯ ಜಾಗ ನನಗೆ ಇನ್ನೊಂದು ಕಂಡಿಲ್ಲ. ಕಾರಿನಲ್ಲಿ ಹೋಗುವ ತಂದೆತಾಯಿ ಅವರನ್ನು ತೋರಿಸಿ ಮಗನಿಗೆ ಹೇಳುತ್ತಾರೆ: ಓದದಿದ್ದರೆ ನೀನೂ ಹೀಗೇ.

ಹೇಳಿ, ಮಗನನ್ನು ಎಲ್ಲಿಗೆ ಕರೆದೊಯ್ಯುತ್ತಾರೆ? ಚೆಸ್ ಕೋಚಿಂಗಿಗೆ.

ಏಕೆಂದರೆ ಈ ಊರಿನ ದಿಬ್ಯೇಂದು ಬರುವಾ 1982ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಲಂಡನ್ನಿನಲ್ಲಿ ಕೋರ್ಚ್‌ನೋಯ್‌ನಂಥವನನ್ನು ಸೋಲಿಸಿದ್ದು ನೆನಪಿದೆ. 1991ರಲ್ಲಿ ದೇಶದ ಎರಡನೇ ಗ್ರ್ಯಾಂಡ್‌ಮಾಸ್ಟರ್ ಆದದ್ದೂ ನೆನಪಿದೆ. 2024ರ ನವೆಂಬರ್‌ನಲ್ಲಿ ಕಾರ್ಲ್‌ಸನ್ ಕೋಲ್ಕತ್ತಕ್ಕೆ ಬಂದು ರ‍್ಯಾಪಿಡ್, ಬ್ಲಿಟ್ಜ್ ಎರಡನ್ನೂ ಗೆದ್ದುಕೊಂಡು ಹೋದ. ಅದೇ ತಿಂಗಳು ಇಲ್ಲಿನ ಮೂರು ವರ್ಷ ಎಂಟು ತಿಂಗಳ ಕೂಸು ಫಿಡೆ ರೇಟಿಂಗ್ ಪಡೆದು ದಾಖಲೆ ಮಾಡಿತು. ಮಗುವಿಗೆ ನನ್ನದೊಂದು ನಮಸ್ಕಾರ. ಅದು ಆಡಿತು, ಅಷ್ಟೇ. ಆದರೆ ಅಕ್ಕಪಕ್ಕದ ಮನೆಗಳಲ್ಲಿ ನಾಲ್ಕು ವರ್ಷದ ಮಕ್ಕಳೆಲ್ಲ ತಡವಾಗಿಬಿಟ್ಟರು. ಡೈಪರ್ ಬಿಡಿಸಿ ಸಿಸಿಲಿಯನ್ ಡಿಫೆನ್ಸ್ ಹೇಳಿಕೊಡಲು ಜನ ಓಡಿದರು. ಆಟವಾಗಿದ್ದದ್ದು ಟ್ಯೂಷನ್ ಆಯಿತು. ಹೋಮ್‌ವರ್ಕ್ ಬಂತು, ಅಳು ಬಂತು, ಅಮ್ಮಂದಿರ ವಾಟ್ಸ್ಆ್ಯಪ್ ಗುಂಪು ಬಂತು. ಹತ್ತನೇ ತರಗತಿಗೆ ಬಂದ ಕೂಡಲೇ ಅದೇ ತಾಯಿ ಬೋರ್ಡು ಮಡಚಿ ಅಟ್ಟಕ್ಕೆ ಹಾಕುತ್ತಾಳೆ. ಸಾಕು ಆಟ, ಓದು.

ಕಂಪ್ಯೂಟರಿನ ಕತೆ ಇದಕ್ಕಿಂತ ಸೊಗಸು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರು ಓಡಿದ್ದು ಬೆಂಗಳೂರಿನಲ್ಲಲ್ಲ, ಇಲ್ಲೇ. ಮಹಾಲನೋಬಿಸರು ಕಟ್ಟಿದ ಬರಾಹ್‌ನಗರದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ 1950ರ ದಶಕದ ನಡುವೆ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಯಂತ್ರ ಬಂತು. 1966ರಲ್ಲಿ ಆ ಸಂಸ್ಥೆ ಮತ್ತು ಜಾದವ್‌ಪುರ ವಿಶ್ವವಿದ್ಯಾಲಯ ಸೇರಿ ತಮ್ಮದೇ ಟ್ರಾನ್ಸಿಸ್ಟರ್ ಯಂತ್ರ ಕಟ್ಟಿದರು. ಹೆಸರು ಐಸಿಜು-1. ಇಷ್ಟೆಲ್ಲ ಮಾಡಿದ ಊರೇ ಜೀವವಿಮಾ ನಿಗಮ ಕಂಪ್ಯೂಟರ್ ತರುತ್ತದೆ ಎಂದ ಕೂಡಲೇ ಬಾಗಿಲಿಗೆ ಅಡ್ಡ ಕೂತಿತು. ಕೆಲಸ ಹೋಗುತ್ತದೆ ಎಂಬ ಭಯ ಸುಳ್ಳಲ್ಲ, ಅದನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಎಂಬತ್ತರ ದಶಕದಲ್ಲೂ 'ಕಂಪ್ಯೂಟರ್ ಬೇಡ' ಎಂದು ಗೋಡೆ ತುಂಬ ಬರೆದ ಎಡಪಕ್ಷವೇ, ಹೊಸ ಶತಮಾನ ಬಂದೊಡನೆ ಸಾಲ್ಟ್‌ಲೇಕಿನ ಸೆಕ್ಟರ್ ಫೈವ್‌ಗೆ ಬನ್ನಿ ಎಂದು ಕಂಪನಿಗಳ ಮುಂದೆ ಕೈಮುಗಿದು ನಿಂತಿತು. ಬರೆದ ಕೈಗಳ ಮಕ್ಕಳು ಅಷ್ಟರಲ್ಲಿ ವೈಟ್‌ಫೀಲ್ಡಿನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಈಗ ಅಲ್ಲೇ ಪೂಜೆ ಮಾಡಿ, ಬೆಂಗಳೂರಿನ ಮೀನು ಸರಿಯಿಲ್ಲ ಎಂದು ಗೊಣಗುತ್ತಾರೆ.

ಈ ನಡುವೆ ಕಂಪ್ಯೂಟರನ್ನು ಸುಮ್ಮನೆ ಪ್ರೀತಿಗೆ ಬಿಚ್ಚಿ ಜೋಡಿಸುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ಚಾಂದನಿ ಚೌಕದ ಅಂಗಡಿ ಅಂಗಡಿ ಸುತ್ತಿ, ಒಂದು ಕಡೆ ಮದರ್‌ಬೋರ್ಡು, ಇನ್ನೊಂದು ಕಡೆ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು, ಬಿಲ್ ಬೇಕಾ ಬೇಡವಾ ಎಂಬ ಪಿಸುಮಾತು ಎಲ್ಲ ಮುಗಿಸಿ ಮನೆಗೆ ತರುತ್ತಾನೆ. ಅಪ್ಪ ಕೇಳುತ್ತಾನೆ: ಇದರಿಂದ ಏನು ಬಂತು? ಹಾಗೆ ಕೇಳಿದ ಅಪ್ಪನ ಪ್ರಿಂಟರ್ ಕೆಟ್ಟಾಗ, ಅತ್ತೆಯ ವೈಫೈ ನಿಂತಾಗ, ಮೇಶೋಮೊಶಾಯಿಯ ಪಿಂಚಣಿ ಪೋರ್ಟಲ್ ತೆರೆಯದಿದ್ದಾಗ ಕರೆ ಹೋಗುವುದು ಅವನಿಗೇ. ಪುಕ್ಕಟೆ ಕೆಲಸ. ಕೂಲಿ ಒಂದು ರಸಗುಲ್ಲ.

ಕ್ಯಾಮೆರಾದವನದ್ದೂ ಇದೇ ಪಾಡು, ಮೇಲೆ ಖರ್ಚು ಬೇರೆ. ಕೋಲ್ಕತ್ತದ ಮಳೆಗಾಲದಲ್ಲಿ ಲೆನ್ಸ್ ಸಾಕುವುದೆಂದರೆ ಬಾಣಂತನ. ಅಕ್ಕಿಡಬ್ಬದಂಥ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಮಲಗಿಸಬೇಕು. ಒಂದು ವಾರ ಮರೆತರೆ ಬೂಷ್ಟು. ಮೆಟ್ರೊ ಗಲ್ಲಿಗೆ ಒಯ್ದರೆ ರಿಪೇರಿಯಾತ ಲೆನ್ಸನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯುತ್ತಾನೆ. ಗಾಜಿನ ಅಂಚಿನಿಂದ ಒಳಕ್ಕೆ ಹಬ್ಬಿದ ಬಿಳಿ ಎಳೆಗಳು ಆಗ ಕಾಣುತ್ತವೆ. ಮುಂದಿನ ಬಳೆಯನ್ನು ತಿರುಗಿಸಿ ಬಿಚ್ಚಿ, ಗಾಜುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಮಲಗಿಸಿ, ಹತ್ತಿಯಲ್ಲಿ ಒರೆಸಿ, ಊದುಬುಗ್ಗೆಯಿಂದ ಧೂಳು ಹಾರಿಸಿ ಮತ್ತೆ ಜೋಡಿಸುತ್ತಾನೆ. ಕೈ ನಡುಗುವುದಿಲ್ಲ. ದುಡ್ಡು ಎಣಿಸಿಕೊಂಡು, ಮತ್ತೆ ಬರುತ್ತೆ ದಾದಾ ಎನ್ನುತ್ತಾನೆ. ಬೂಷ್ಟು ಬರುತ್ತದೋ ನಾನು ಬರುತ್ತೇನೋ ಎಂದು ಬಿಡಿಸಿ ಹೇಳುವುದಿಲ್ಲ.

ಇಷ್ಟು ಸಾಕಿದ ಲೆನ್ಸನ್ನು ಎಲ್ಲಿಗೆ ಒಯ್ಯುವುದು? ಕ್ರೀಡೆಯ ಚಿತ್ರ ತೆಗೆಯುವ ಹುಚ್ಚಿದ್ದರೆ ಮೈದಾನದ ಕೆಸರಿನಲ್ಲಿ ಕೆಳದರ್ಜೆಯ ಲೀಗ್ ಫುಟ್‌ಬಾಲಿಗೆ ಹೋಗಿ. ಅಲ್ಲಿ ಯಾರೂ ಕೇಳುವುದಿಲ್ಲ. ಈಡನ್ ಗಾರ್ಡನ್ಸ್ ಐಪಿಎಲ್ ಪಂದ್ಯಕ್ಕೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ನೀರಿನ ಬಾಟಲಿಯ ಜತೆಗೇ ಕ್ಯಾಮೆರಾ ಇರುತ್ತದೆ. ಫೋನು ಬಿಡುತ್ತಾರೆ. ಅದರಲ್ಲಿ ಬ್ಯಾಟ್ಸ್‌ಮನ್ ಇರುವೆಯಷ್ಟು ಕಾಣುತ್ತಾನೆ, ಆದ್ದರಿಂದ ಭದ್ರತೆಗೆ ಧಕ್ಕೆಯಿಲ್ಲ.

ಹವ್ಯಾಸಿಯನ್ನು ಬಿಡಿ, ವೃತ್ತಿಯವರನ್ನೇ ಬಿಟ್ಟಿಲ್ಲ. 2012ರ ಕೊನೆಗೆ ಇಂಗ್ಲೆಂಡ್ ಬಂದಾಗ ಕ್ರಿಕೆಟ್ ಮಂಡಳಿ ಗೆಟ್ಟಿ ಇಮೇಜಸ್‌ನಂಥ ಚಿತ್ರಸಂಸ್ಥೆಗಳಿಗೆ ಪ್ರವೇಶ ಕೊಡಲಿಲ್ಲ. ಅದಕ್ಕೆ ಪ್ರತಿಭಟಿಸಿ ರಾಯ್ಟರ್ಸ್, ಎಪಿ, ಎಎಫ್‌ಪಿಗಳೂ ಹೊರಗುಳಿದವು. ಅವರ ನಾಯಕ ಕುಕ್ ಈಡನ್‌ನಲ್ಲಿ 190 ಹೊಡೆದರು, ಇಂಗ್ಲೆಂಡ್ 28 ವರ್ಷಗಳ ನಂತರ ಭಾರತದಲ್ಲಿ ಸರಣಿ ಗೆದ್ದಿತು. ಜಗತ್ತಿನ ದೊಡ್ಡ ಸಂಸ್ಥೆಗಳ ಕ್ಯಾಮೆರಾ ಮಾತ್ರ ಅಲ್ಲಿರಲಿಲ್ಲ.

ಹಾಗಾದರೆ ಯಾರಿಗೆ ಬಿಡುತ್ತಾರೆ? 2025ರ ಡಿಸೆಂಬರ್ 13ರಂದು ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಉತ್ತರ ಸಿಕ್ಕಿತು. ಮೆಸ್ಸಿ ಬಂದಿದ್ದ. ಸಾವಿರಾರು ರೂಪಾಯಿ ತೆತ್ತು, ಬೆಳಗಿನಿಂದ ಕೂತವರು ಗ್ಯಾಲರಿ ತುಂಬ ಇದ್ದರು. ಅವರಿಗೆ ಕಂಡದ್ದು ಮೆಸ್ಸಿಯಲ್ಲ, ಮೆಸ್ಸಿಯ ಸುತ್ತ ಇದ್ದ ಬೆನ್ನುಗಳು. ಮಂತ್ರಿ, ಅಧಿಕಾರಿ, ಆಯೋಜಕ, ಅವರ ಹಿಂಬಾಲಕರು. ಎಲ್ಲರ ಕೈಯಲ್ಲೂ ಫೋನು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮೆಸ್ಸಿ ಹೊರಟುಹೋದ. ಆಮೇಲೆ ಬಾಟಲಿ ಹಾರಿದವು, ಕುರ್ಚಿ ಕಿತ್ತುಬಂದವು. ಮುಖ್ಯಮಂತ್ರಿ ಕ್ಷಮೆ ಕೇಳಿದರು, ನಿವೃತ್ತ ನ್ಯಾಯಮೂರ್ತಿಯ ಸಮಿತಿ ಬಂತು, ಆಯೋಜಕನ ಬಂಧನವಾಯಿತು, ನಾಲ್ಕು ದಿನದೊಳಗೆ ಕ್ರೀಡಾ ಸಚಿವರು ಖಾತೆ ಬಿಟ್ಟರು.

ಅಂದು ಮೆಸ್ಸಿಯನ್ನು ಒಂದು ಮಾರು ದೂರದಿಂದ ತೆಗೆದ ಚಿತ್ರಗಳೆಲ್ಲ ಆ ಮಹನೀಯರ ಫೋನಿನಲ್ಲಿವೆ. ಫೋಕಸ್ ಇರುವುದು ಅವರದೇ ಮುಖದ ಮೇಲೆ.